ಒಂದೂವರೆ ಸಲ

ಜಗಳೂರಿನಿಂದ ದಾವಣಗೆರೆಗೆ
ನನ್ನ ಹಳೇ ವ್ಯಾಗನಾರ್ ಹೊರುವುದು ರಕ್ತ.
ನೀಲಿ ಐಸ್‌ಡಬ್ಬಿ, ಒಳಗೆ ತಂತಿಯ ಸ್ಟ್ಯಾಂಡು,
ಸ್ಟ್ಯಾಂಡಿನಲ್ಲಿ ನಿಂತ ನಲವತ್ತು ನಳಿಕೆ,
ಒಂದೊಂದರ ಕುತ್ತಿಗೆಗೂ ಒಂದೊಂದು ಹೆಸರು.
ಅವರ್ಯಾರೂ ನನ್ನ ಕಾರು ಹತ್ತಿದವರಲ್ಲ,
ಆದರೂ ಹಂಪು ಬಂದಾಗ
ಹಿಂದಕ್ಕೊಮ್ಮೆ ತಿರುಗಿ ನೋಡುತ್ತೇನೆ.

ಎರೆನೆಲದ ರಸ್ತೆ. ಮಳೆಗೆ ಉಬ್ಬಿ, ಬಿಸಿಲಿಗೆ ಬಾಯಿಬಿಟ್ಟು
ಡಾಂಬರಿನ ಕೆಳಗೆ ಮಗ್ಗುಲು ಬದಲಿಸುತ್ತಲೇ ಇರುತ್ತದೆ.
ಕಂಟ್ರಾಕ್ಟರು ಸಪಾಟು ಮಾಡಿ ಹೋದದ್ದನ್ನು
ಮಣ್ಣು ಇನ್ನೂ ಒಪ್ಪಿಕೊಂಡಿಲ್ಲ.

ಮೊದಲು ಕಾರು ಮೆತ್ತಗಿತ್ತು.
ತಿರುವು ಬಂದರೆ ಒರಗುತ್ತಿತ್ತು,
ನಿದ್ದೆಗಣ್ಣಿನ ಬಸ್ ಪ್ರಯಾಣಿಕ
ಪಕ್ಕದವನ ಹೆಗಲಿಗೆ ಜಾರಿದ ಹಾಗೆ.
ಒಂದು ಸಂಜೆ ಎದುರಿಗೆ ಮೆಕ್ಕೆಜೋಳದ ಟ್ರ್ಯಾಕ್ಟರು.
ಸ್ಟೇರಿಂಗ್ ಎಳೆದೆ. ಮುಖ ತಿರುಗಿತು,
ಮೈ ತಿರುಗಲು ತಡಮಾಡಿತು.
ಡಬ್ಬಿ ಮಗುಚಿತು. ಮೂರು ನಳಿಕೆ ಹೋದವು.

ಪಿ.ಬಿ. ರಸ್ತೆಯ ಅಂಗಡಿಯ ಹುಡುಗ
ಕೆಂಪು ಬಣ್ಣದ ಗಟ್ಟಿ ಸ್ಪ್ರಿಂಗು ತೋರಿಸಿ
"ರೇಸಿಂದು ಅಕ್ಕಾ, ಎರಡಿಂಚು ತಗ್ಗತ್ತೆ" ಅಂದ.
ಸುಳ್ಳಲ್ಲ. ನೆಲಕ್ಕೆ ಅಂಟಿ ಓಡಿತು,
ತಿರುವೆಲ್ಲ ಕೈಯ ಮಾತು ಕೇಳಿದವು.
ಭಾನುವಾರ ಸುಮ್ಮನೆ, ಕೆಲಸವಿಲ್ಲದೆ,
ಚಿತ್ರದುರ್ಗದ ತನಕ ಹೋಗಿ
ಗುಡ್ಡದ ಗಾಳಿಯಂತ್ರಗಳನ್ನು ನೋಡಿಕೊಂಡು ಬಂದೆ.
ಖುಷಿಯಾಗಿತ್ತು, ಯಾಕೆ ಮುಚ್ಚಿಡಲಿ.

ಬುಧವಾರ ಲ್ಯಾಬಿನ ರುದ್ರಾಂಬಿಕಾ
ನಳಿಕೆಯೊಂದನ್ನು ಟ್ಯೂಬ್‌ಲೈಟಿಗೆ ಹಿಡಿದಳು.
ಮೇಲೆ ನಿಂತ ನೀರು ಕುಸುಬೆ ಎಣ್ಣೆಯ ಹಾಗೆ ಇರಬೇಕಿತ್ತು.
ದಾಸವಾಳ ಹಿಂಡಿದ ಹಾಗಿತ್ತು.
"ಕುಲುಕಿ ತಂದೀಯಲ್ಲೇ, ಕಣ ಎಲ್ಲಾ ಒಡದಾವೆ.
ಇದರ ರಿಪೋರ್ಟು ಸುಳ್ಳು ಹೇಳತ್ತೆ. ಇನ್ನೊಮ್ಮೆ ತಾ."

ಇನ್ನೊಮ್ಮೆ ಅಂದರೆ
ಜಗಳೂರಿನ ನಾಲ್ಕು ವರ್ಷದ ಹುಡುಗ.
ಇನ್ನೊಮ್ಮೆ ಅಂದರೆ ಸೂಜಿ.
ಕೈಯನ್ನು ಅಂಗಿಯೊಳಗೆ ಎಳೆದುಕೊಂಡು
ಖಾಲಿ ತೋಳನ್ನು ಅಲ್ಲಾಡಿಸಿ ತೋರಿಸಿದ:
ನೋಡಿ, ಕೈಯೇ ಇಲ್ಲ.

ದಾದಾಪೀರ್ ಮಾತಾಡುವ ಮೊದಲು
ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ
ಮೈಭಾರವೆಲ್ಲ ಬಿಟ್ಟು, ಥಟ್ಟನೆ ತೆಗೆದ.
ಕಾರು ಕದಲಲಿಲ್ಲ.
"ಇದು ಕಾರಲ್ಲಮ್ಮ, ಒಳಕಲ್ಲು.
ಮೇಲೆ ಬರಬೇಕು, ಕೆಳಗೆ ಹೋಗಬೇಕು,
ಅರ್ಧ ಬಂದು ನಿಲ್ಲಬೇಕು. ಒಂದೂವರೆ ಸಲ.
ಮೂರು ಸಲ ಆಡಿದ್ರೆ ಅದು ತೊಟ್ಲು."

ಕೆಂಪು ಸ್ಪ್ರಿಂಗು ಮೂಲೆ ಸೇರಿತು.
ಕಂಪನಿಯ ಹಳೆಯದೇ ತಿರುಗಿ ಬಂತು.
ಶಾಕ್ ಮಾತ್ರ ಹೊಸದು, ಗ್ಯಾಸಿಂದು, ಕೈ ಸುಡುವಂಥದ್ದು;
ಸೀಳಿದ್ದ ಬುಷ್ಷು ನಾಲ್ಕು;
ಮುಂದಕ್ಕೊಂದು ದಪ್ಪ ಕಂಬಿ,
ಒಂದು ಗಾಲಿಯ ಕಷ್ಟ ಇನ್ನೊಂದಕ್ಕೆ ತಿಳಿಯಲಿ ಅಂತ;
ಟೈರಿನ ಗಾಳಿ ಎರಡು ಪಾಯಿಂಟು ಕಮ್ಮಿ.
ನಾನು ಕಂತು ಕೇಳಿದೆ.
ಅವನು ಚಹಾ ತರಿಸಿದ.

ಪರೀಕ್ಷೆಗೆ ಮಂಡಕ್ಕಿ.
ಪೇಪರಿನ ಮೇಲೆ ಗುಡ್ಡೆ ಸುರಿದು ಪಕ್ಕದ ಸೀಟಿಗಿಟ್ಟು
"ಆನಗೋಡು ಮುಟ್ಟಿ ಬಾ" ಅಂದ.
ಬಂದಾಗ ಕೆಳಗೆ ಬಿದ್ದದ್ದು ಹನ್ನೊಂದು ಕಾಳು.
ಬಗ್ಗಿ, ಎಣಿಸಿ, ಹೆಕ್ಕಿ, ಬಾಯಿಗೆ ಹಾಕಿಕೊಂಡ.
"ಇಷ್ಟು ಬೀಳಲಿ ಬಿಡು.
ಇದನ್ನೂ ತಡೀತೀನಿ ಅಂದ್ರೆ
ಮತ್ತೆ ಒಳಕಲ್ಲೇ."

ಈಗಲೂ ತಿರುವಿನಲ್ಲಿ ತುಸು ಒರಗುತ್ತದೆ.
ಅದರ ಜೊತೆ ನಾನೂ, ಡಬ್ಬಿಯೂ,
ನಲವತ್ತು ಹೆಸರೂ.
ಹುಡುಗನ ಎರಡನೇ ನಳಿಕೆ ತಂದ ಸಂಜೆ
ದಾರಿಯುದ್ದಕ್ಕೂ ಎಲ್ಲರೂ ನನ್ನನ್ನು ಹಿಂದೆ ಹಾಕಿದರು,
ಆ ಮೆಕ್ಕೆಜೋಳದ ಟ್ರ್ಯಾಕ್ಟರು ಕೂಡ.

ರುದ್ರಾಂಬಿಕಾ ಬೆಳಕಿಗೆ ಹಿಡಿದಳು. ಹಳದಿ.
ಆಮೇಲೆ ಯಂತ್ರ ಏನು ಓದಿತೋ,
ಡ್ರೈವರಿಗೆ ಹೇಳುವ ಪದ್ಧತಿಯಿಲ್ಲ.
ತೊಳೆದ ಡಬ್ಬಿ ಹಿಂದಿಟ್ಟು ಹೊರಟೆ.
ಖಾಲಿ ಇದ್ದಾಗ ಕಾರು
ಸ್ವಲ್ಪ ಹೆಚ್ಚೇ ಕುಣಿಯುತ್ತದೆ.